ಮೂವತ್ತು ಜನರ ಪಟ್ಟಿ ಮತ್ತು ಒಂದು ಭಾನುವಾರ

ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಗಣಿತದ ಅಭ್ಯಾಸ ಒದಗಿಸುವ ಆನ್‌ಲೈನ್ ತಾಣವೊಂದಕ್ಕೆ ನಾನು ಬಿಡುವಿನ ವೇಳೆಯಲ್ಲಿ ಲೆಕ್ಕಗಳನ್ನು ಬರೆದುಕೊಡುತ್ತೇನೆ. ಮೊದಲ ವಾರ ಹುರುಪಿನಿಂದ ಬಂದ ಮಕ್ಕಳು ಆಮೇಲೆ ಇತ್ತ ಸುಳಿಯುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ಭಾಷೆ ಕಲಿಸುವ ಆ್ಯಪ್ ಡುಯೊಲಿಂಗೊದಲ್ಲಿರುವಂಥ ಲೀಗ್‌ಗಳನ್ನು ನಾವೂ ತರಬೇಕೆಂಬ ಸಲಹೆ ತಂಡದಲ್ಲಿ ಬಂದಾಗ, ಅದೇ ಆ್ಯಪ್‌ನಲ್ಲಿ ಜರ್ಮನ್ ಕಲಿಯುತ್ತಿದ್ದ ನಾನು ಒಂದು ಭಾನುವಾರ ಪೂರ್ತಿ ಆ ಸ್ಪರ್ಧೆಯನ್ನು ಬೇರೆಯದೇ ಕಣ್ಣಿನಿಂದ ನೋಡಿದೆ.

ಅಲ್ಲಿ ಕಂಚಿನಿಂದ ವಜ್ರದವರೆಗೆ 10 ಲೀಗ್‌ಗಳಿವೆ. ಪ್ರತಿ ವಾರ ಹೆಚ್ಚೆಂದರೆ 30 ಅಪರಿಚಿತರ ಒಂದು ಗುಂಪಿನಲ್ಲಿ ನಮ್ಮನ್ನು ಸೇರಿಸಲಾಗುತ್ತದೆ. ಪಾಠ ಮುಗಿಸಿದಂತೆ ಅಂಕ ಸೇರುತ್ತ ಹೋಗಿ, ವಾರದ ಕೊನೆಗೆ ಮೇಲಿನವರು ಮುಂದಿನ ಲೀಗಿಗೆ ಏರುತ್ತಾರೆ, ಕೆಳಗಿನವರು ಇಳಿಯುತ್ತಾರೆ, ಮತ್ತೆ ಎಲ್ಲರೂ ಸೊನ್ನೆಯಿಂದ ಆರಂಭಿಸುತ್ತಾರೆ. 2018ರಲ್ಲಿ ಈ ಪಟ್ಟಿಗಳನ್ನು ತಂದಾಗ ಬಳಕೆದಾರರು ಕಲಿಕೆಗೆ ಕೊಡುವ ಒಟ್ಟು ಸಮಯ ಶೇ. 17ರಷ್ಟು ಏರಿತೆಂದು ಆಗ ಆ ಕಂಪನಿಯ ಉತ್ಪನ್ನ ವಿಭಾಗ ನೋಡಿಕೊಳ್ಳುತ್ತಿದ್ದ ಜಾರ್ಜ್ ಮಜಾಲ್ ಬರೆದಿದ್ದಾರೆ. ಮನುಷ್ಯರು ತಮ್ಮನ್ನು ಹೋಲಿಸಿಕೊಳ್ಳುವುದು ತಮ್ಮಂಥವರೊಡನೆಯೇ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ವಾದಿಸಿದ್ದರು. ಕೋಟ್ಯಂತರ ಜನರ ನಡುವಿನ ಸ್ಥಾನ ಯಾರನ್ನೂ ಕದಲಿಸದು. ಮೂವತ್ತರಲ್ಲಿ ಹತ್ತನೆಯವರಾಗಿರುವುದು ಕದಲಿಸುತ್ತದೆ.

ಅಂದು ಬೆಳಿಗ್ಗೆ ನಾನು ಏರುವವರ ಗೆರೆಗಿಂತ ಒಂದೇ ಸ್ಥಾನ ಕೆಳಗಿದ್ದೆ. ನನ್ನ ಮುಂದೆ ಜರ್ಮನ್ ಚತುರ್ಥಿ ವಿಭಕ್ತಿಯ ಹೊಸ ಪಾಠವಿತ್ತು. ‘ಡೆರ್’ ಎಲ್ಲಿ ‘ಡೆಮ್’ ಆಗುತ್ತದೆ, ‘ಡೀ’ ಎಲ್ಲಿ ‘ಡೆರ್’ ಆಗುತ್ತದೆ ಎಂದು ಪ್ರತಿ ವಾಕ್ಯದಲ್ಲೂ ನಿಂತು ಯೋಚಿಸಬೇಕಾಗಿದ್ದ ಪಾಠ ಅದು. ಅದರ ಪಕ್ಕದಲ್ಲೇ, ಕಣ್ಣು ಮುಚ್ಚಿ ಮುಗಿಸಬಹುದಾದ ಹಳೆಯ ಪಾಠಗಳೂ ಇದ್ದವು. ಆ್ಯಪ್ ಆಗಾಗ ಕೊಡುವ, ಎರಡು ಪಟ್ಟು ಅಂಕ ಸಿಗುವ 15 ನಿಮಿಷ ಓಡುತ್ತಿರುವಾಗ ಬೆರಳು ತಾನಾಗಿ ಸುಲಭದ ಕಡೆಗೆ ಸರಿಯುತ್ತದೆ. ಇದನ್ನು ಆ ಆ್ಯಪ್‌ನ ಲೋಪವೆಂದು ನಾನು ಹೇಳುತ್ತಿಲ್ಲ. ಅಂಕ ಎಣಿಸುವ ಯಾವ ಸ್ಪರ್ಧೆಯಲ್ಲೂ ಈ ಸೆಳೆತ ಇದ್ದೇ ಇರುತ್ತದೆ, ಮೇಲಾಗಿ ಭಾಷೆಯಲ್ಲಿ ಹಳೆಯದನ್ನು ಮತ್ತೆ ತಿರುವಿಹಾಕುವುದೂ ಕಲಿಕೆಯೇ. ನಾನು ವಿಭಕ್ತಿಯ ಪಾಠವನ್ನೇ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಹಿಂದಿದ್ದ ಇಬ್ಬರು ನನ್ನನ್ನು ದಾಟಿ ಹೋಗಿದ್ದರು.

ಆಗ ನಮ್ಮ ಮಕ್ಕಳ ನೆನಪು ಬಲವಾಗಿ ಬಂತು. ಅವರಲ್ಲಿ ಹಲವರಿಗೆ ಸ್ವಂತ ಫೋನಿಲ್ಲ. ಅಪ್ಪ ಕೆಲಸದಿಂದ ಬಂದು, ಊಟ ಮುಗಿದು, ಮನೆಯವರ ಕರೆಗಳೆಲ್ಲ ಮುಗಿದ ಮೇಲೆ ಒಂದು ಅರ್ಧ ಗಂಟೆ ಅದು ಮಗುವಿನ ಕೈಗೆ ಬರುತ್ತದೆ. ದಿನವಿಡೀ ಫೋನ್ ಕೈಯಲ್ಲಿರುವ ಮಗುವಿನ ಜೊತೆ ಈ ಮಗುವನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿದರೆ, ನಾವು ಅಳೆಯುವುದು ಬೀಜಗಣಿತವನ್ನಲ್ಲ, ಮನೆಯಲ್ಲಿ ಎಷ್ಟು ಫೋನುಗಳಿವೆ ಎಂಬುದನ್ನು. ವಯಸ್ಕಳಾದ ನನಗೆ ಕೆಳಗಿಳಿಯುವುದು ಒಂದು ಬಣ್ಣದ ಬದಲಾವಣೆ ಮಾತ್ರ. ಎಂಟನೆಯ ತರಗತಿಯಲ್ಲೇ ‘ನನಗೆ ಗಣಿತ ಬರುವುದಿಲ್ಲ’ ಎಂದು ನಂಬಿಕೊಂಡಿರುವ ಹುಡುಗಿಗೆ ಅದು ಆ ನಂಬಿಕೆಗೆ ಬಿದ್ದ ಮೊಹರು.

ಮುಂದಿನ ಸಭೆಯಲ್ಲಿ ನಾನು ಲೀಗ್ ಬೇಡವೆನ್ನಲಿಲ್ಲ. ವಾರಕ್ಕೊಮ್ಮೆ ಹೊಸದಾಗಿ ಆರಂಭವಾಗುವ ಚಿಕ್ಕ ಗುಂಪು ನನ್ನನ್ನೇ ತಿಂಗಳುಗಟ್ಟಲೆ ಹಿಡಿದಿಟ್ಟಿರುವಾಗ ಬೇಡವೆನ್ನುವುದು ಹೇಗೆ? ದಿನಕ್ಕೆ ಇಷ್ಟೇ ಲೆಕ್ಕಗಳು ಅಂಕಕ್ಕೆ ಸೇರಲಿ, ಮೊದಲ ಸಲ ಬಿಡಿಸಿದ ಕಠಿಣ ಲೆಕ್ಕಕ್ಕೆ ಹೆಚ್ಚು ಅಂಕವಿರಲಿ, ಹೆಚ್ಚುಕಡಿಮೆ ಸಮಾನ ಹೊತ್ತು ಅಭ್ಯಾಸ ಮಾಡುವವರನ್ನು ಒಂದೇ ಗುಂಪಿಗೆ ಹಾಕೋಣ, ಕೆಳಗಿಳಿಸುವುದು ಮಾತ್ರ ಬೇಡ ಎಂದೆ. ಇಳಿಯುವ ಭಯವಿಲ್ಲದಿದ್ದರೆ ಪೈಪೋಟಿಯೇ ಸಪ್ಪೆಯಾಗುತ್ತದೆ ಎಂದು ಗೆಳೆಯರೊಬ್ಬರು ಬಲವಾಗಿ ವಾದಿಸಿದರು, ಮತ್ತು ಅವರ ಮಾತಿನಲ್ಲಿ ಹುರುಳಿದೆ. ಒಂಬತ್ತನೆಯ ತರಗತಿಗೆ ಮಾತ್ರ, ಇಳಿಕೆಯಿಲ್ಲದ ಲೀಗನ್ನು ಒಂದು ಅವಧಿಯ ಮಟ್ಟಿಗೆ ನಡೆಸಿ ನೋಡುವುದೆಂದು ತೀರ್ಮಾನವಾಯಿತು.