ತೋಟದ ಪಂಪ್ ಕಂಟ್ರೋಲರ್: ಎಲ್ಲ ಒಂದೇ ಕಡೆಯೋ, ಬಿಡಿ ಬಿಡಿಯೋ?

ಹಾರ್ಡ್‌ವೇರ್ ಒಂದು ಹಂತಕ್ಕೆ ಬಂತು. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯ ಪಕ್ಕ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಚಿಪ್) ಕೂತಿದೆ. ಅದರ ರಿಲೇ, ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಎಳೆಯುತ್ತದೆ. ಒಂದು ಫೇಸಿನ ವೈರಿಗೆ ಹಾಕಿದ ಸಿಟಿಯಿಂದ (ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಕರೆಂಟ್ ಅಳೆಯುವ ಬಳೆ) ಮೋಟಾರಿನ ಆಂಪಿಯರ್ ಸಿಗುತ್ತದೆ. ಉಳಿದದ್ದು ಸಾಫ್ಟ್‌ವೇರ್, ಅಂದರೆ ಅಸಲಿ ತಲೆನೋವು.

ದಾರಿ ಎರಡು. ಪಂಪ್, ಡ್ರಿಪ್ ವಾಲ್ವ್, ಮಣ್ಣಿನ ತೇವ, ಟೈಮರ್, ಮೊಬೈಲಿನಲ್ಲಿ ನೋಡುವ ಪುಟ, ಎಲ್ಲವನ್ನೂ ಒಂದೇ ಫರ್ಮ್‌ವೇರಿಗೆ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಮ್) ತುಂಬಬಹುದು. ಇಲ್ಲವೇ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಮಾಡಿ, ಅವು ಎಂಕ್ಯೂಟಿಟಿಯಲ್ಲಿ (ಸಾಧನಗಳು ಚಿಕ್ಕ ಸಂದೇಶ ಕಳಿಸಿಕೊಳ್ಳುವ ಪದ್ಧತಿ) ಮಾತಾಡಿಕೊಳ್ಳಲಿ ಎಂದು ಬಿಡಬಹುದು. ಮೊದಲನೆಯದು ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಆದರೆ ಪುಟದ ಬಣ್ಣ ಬದಲಿಸಬೇಕಾದರೂ ಮೋಟಾರ್ ನಡೆಸುವ ಚಿಪ್ಪನ್ನೇ ಮತ್ತೆ ಫ್ಲ್ಯಾಶ್ ಮಾಡಬೇಕು. ಎರಡನೆಯದರಲ್ಲಿ ನಾಳೆ ಯಾರು ಮಾಡಿದ ಸೆನ್ಸರ್ ಬಂದರೂ ಸೇರಿಸಬಹುದು, ಅದು ಎಂಕ್ಯೂಟಿಟಿ ಮಾತಾಡಿದರೆ ಸಾಕು.

ಇದು ಹಳೆಯ ಜಗಳ. 1992ರಲ್ಲಿ ಕಂಪ್ಯೂಟರ್ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೊನೊಲಿಥಿಕ್ (ತಿರುಳಿನ ಕೆಲಸವೆಲ್ಲ ಒಂದೇ ಪ್ರೋಗ್ರಾಮಿನೊಳಗೆ), ಆದ್ದರಿಂದ ಅದರ ಕಾಲ ಮುಗಿದಿದೆ ಎಂದಿದ್ದರು. ಲಿನಕ್ಸ್ ಇವತ್ತಿಗೂ ಮೊನೊಲಿಥಿಕ್ಕೇ. ಆದರೆ ಬೇಕಾದಾಗ ಸೇರಿಸಿ, ಬೇಡವಾದಾಗ ತೆಗೆಯುವ ಮಾಡ್ಯೂಲ್‌ಗಳು ಅದರೊಳಗೆ ಬಂದವು. ಶುದ್ಧ ಸಿದ್ಧಾಂತ ಕಟ್ಟಿಕೊಂಡು ನಮಗೇನು?

ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ವೈಫೈ ಸತ್ತರೂ ಯಾವ ಕೆಲಸ ನಡೆಯಲೇಬೇಕು? ನೀರಿಲ್ಲದೆ ಪಂಪ್ ಓಡಿದರೆ ಲೋಡ್ ಇಳಿಯುತ್ತದೆ, ಆಂಪಿಯರ್ ಬೀಳುತ್ತದೆ. ಆಗ ಮೋಟಾರ್ ನಿಲ್ಲಿಸುವುದಕ್ಕೆ ಮನೆಯಲ್ಲಿರುವ ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈ ಅಪ್ಪಣೆ ಕಾಯುವ ಹಾಗಿಲ್ಲ. ಡ್ರೈ ರನ್ ಕಟ್ ಮತ್ತು ಗರಿಷ್ಠ ಓಡುವ ಸಮಯ ಎರಡೂ ಇಎಸ್‌ಪಿ32 ಒಳಗೇ. ಫೇಸ್ ಹೋದರೆ ನೋಡಿಕೊಳ್ಳಲು ಸ್ಟಾರ್ಟರಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇದೆ. ಅದನ್ನು ಮುಟ್ಟಲೇ ಇಲ್ಲ.

ವಾಲ್ವ್‌ಗಳದ್ದು ಜಾಸ್ತಿ ಹೊತ್ತು ಹಿಡಿಯಿತು. ಅವು ದೂರದಲ್ಲಿವೆ, ಬೇರೆ ಬೋರ್ಡ್ ಹಾಕುವುದು ಸುಲಭ. ಆದರೆ ಎಲ್ಲ ವಾಲ್ವ್ ಮುಚ್ಚಿರುವಾಗ ಪಂಪ್ ಓಡಿದರೆ ಒತ್ತಡವೆಲ್ಲ ಪೈಪಿನ ಮೇಲೆ. ಆ ಎರಡರ ನಡುವೆ ವೈಫೈ ಇರಬಾರದು, ಅಲ್ವಾ? ಕೇಬಲ್ ಎಳೆದು ವಾಲ್ವ್‌ಗಳನ್ನೂ ಪಂಪಿನ ಬೋರ್ಡಿಗೇ ಕೊಟ್ಟೆ. ಮುಂದಿನ ವಾಲ್ವ್ ತೆರೆದ ಮೇಲೇ ಹಿಂದಿನದು ಮುಚ್ಚುತ್ತದೆ. ಕೊನೆಯ ವಾಲ್ವ್ ಪಂಪ್ ನಿಂತ ಮೇಲೆ.

ಉಳಿದದ್ದೆಲ್ಲ ಹೊರಗೆ. ಪೈನಲ್ಲಿ ಎಂಕ್ಯೂಟಿಟಿ ಸಂದೇಶಗಳನ್ನು ಹಂಚುವ ಮಸ್ಕಿಟೊ ಬ್ರೋಕರ್, ಟೈಮರಿಗೆ ಮತ್ತು ಗ್ರಾಫಿಗೆ ನೋಡ್-ರೆಡ್ ಎಂಬ ಸಾಫ್ಟ್‌ವೇರ್. ಎಂಕ್ಯೂಟಿಟಿಯನ್ನು 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಮಾಡಿದ್ದು. ನಮ್ಮ ತೋಟದ ಸಿಗ್ನಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಟಾಪಿಕ್ (ಸಂದೇಶದ ವಿಳಾಸ) ಹೆಸರು ಯುಟಿಎಫ್-8, ಅಂದರೆ ಯಾವ ಲಿಪಿಯಾದರೂ ನಡೆಯುತ್ತದೆ, ಆದ್ದರಿಂದ ಕನ್ನಡದಲ್ಲೇ ಇಟ್ಟೆ: ತೋಟ/ಪಂಪ್/ಸ್ಥಿತಿ, ತೋಟ/ಪಂಪ್/ಆದೇಶ. ಸುಮ್ನೆ ಖುಷಿಗೆ.

ಈ ಎರಡು ಟಾಪಿಕ್‌ಗಳಿಗೆ ನಿಯಮ ಬೇರೆ. ಸ್ಥಿತಿಗೆ ರಿಟೇನ್ (ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಳ್ಳುವುದು) ಆನ್, ಯಾವಾಗ ನೋಡಿದರೂ ಕೊನೆಯ ಸುದ್ದಿ ಸಿಗಲಿ ಎಂದು. ಆದೇಶಕ್ಕೆ ರಿಟೇನ್ ಇಟ್ಟರೆ ಕರೆಂಟ್ ಹೋಗಿ ಬಂದ ಕೂಡಲೇ ಬ್ರೋಕರ್ ಹಳೆಯ ‘ಆನ್’ ಅನ್ನು ಮತ್ತೆ ಕೊಡುತ್ತದೆ, ಯಾರೂ ಹೇಳದೆ ಮೋಟಾರ್ ಶುರು! ರಿಟೇನ್ ಇಲ್ಲದಿದ್ದರೂ, ಸೆಷನ್ (ಬೋರ್ಡಿನ ಸಂಪರ್ಕದ ನೆನಪು) ಉಳಿಸಿಕೊಂಡರೆ ಕ್ಯೂಒಎಸ್ 1ರ (ಒಂದು ಸಲವಾದರೂ ತಲುಪಲೇಬೇಕಾದ) ಆದೇಶಗಳು ಬ್ರೋಕರಿನಲ್ಲಿ ಕಾದು ಕೂರುತ್ತವೆ. ಅದಕ್ಕೇ ಕ್ಲೀನ್ ಸೆಷನ್, ಪ್ರತಿ ಸಲ ಹೊಸದಾಗಿ ಶುರು. ಜೊತೆಗೆ ಪ್ರತಿ ಆದೇಶಕ್ಕೂ ಸಮಯದ ಮುದ್ರೆ. 30 ಸೆಕೆಂಡಿಗಿಂತ ಹಳೆಯದಾದರೆ ಬೋರ್ಡ್ ಅದನ್ನು ಕೇಳುವುದೇ ಇಲ್ಲ. ಬೋರ್ಡ್ ಕಾಣೆಯಾದರೆ ಲಾಸ್ಟ್ ವಿಲ್ (ಬೋರ್ಡ್ ಮೊದಲೇ ಕೊಟ್ಟಿಟ್ಟ ಕೊನೆಯ ಸಂದೇಶ) ಮೂಲಕ ಬ್ರೋಕರ್ ತಾನೇ ‘ಸಂಪರ್ಕ ಇಲ್ಲ’ ಎಂದು ಹಾಕುತ್ತದೆ.

ಮುಂದಿನದು ತೇವದ ಸೆನ್ಸರ್, ಬೇರೆಯೇ ಬೋರ್ಡಿನಲ್ಲಿ, ಬ್ಯಾಟರಿ ಮೇಲೆ. ಅದು ಕೆಟ್ಟರೆ ಟೈಮರ್ ಪ್ರಕಾರ ನೀರು ಹೋಗುತ್ತದೆ, ಅಷ್ಟೆ. ಸಿಗ್ನಲ್ ವೈರನ್ನು ಎಡಿಸಿ1ರ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪಿನ್ನಿಗೇ ಕೊಡಬೇಕು. ಇಎಸ್‌ಪಿ32ರಲ್ಲಿ ವೈಫೈ ನಡೆಯುವಾಗ ಎಡಿಸಿ2 ನೆಚ್ಚುವ ಹಾಗಿಲ್ಲ.