ಅಲ್ಲಿ ಒತ್ತಬೇಡಿ ಮೇಡಂ

"ಅಲ್ಲಿ ಒತ್ತದೇ ಇದ್ರೆ ಸದ್ದು ಬರಲ್ಲ ಮೇಡಂ."

ಮಂಗಳವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಹೇಳಿದ್ದು ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿನ ಹುಡುಗ. ರೇಗಿ ಹೇಳಲಿಲ್ಲ, ಕೊಂಕೂ ಇರಲಿಲ್ಲ. ತುಂಬಾ ಮರ್ಯಾದೆಯಿಂದ, ಸಮಾಧಾನದ ದನಿಯಲ್ಲೇ ಹೇಳಿದ. ಅದಕ್ಕೇ ಇನ್ನೂ ಜಾಸ್ತಿ ಕೊರೆಯುತ್ತಿದೆ. ಅವನು ಜಗಳಕ್ಕೆ ಬಂದಿದ್ದರೆ ನಾನೂ ನಾಲ್ಕು ಮಾತು ಆಡಿ, ಮನೆಗೆ ಬಂದು ಅನ್ನ ಸಾರು ಉಂಡು ಮರೆತುಬಿಡುತ್ತಿದ್ದೆ.

'ಅಲ್ಲಿ' ಅಂದರೆ ಕೀಬೋರ್ಡಿನ ಕೆಳಗೆ, ಎಡಗಡೆ. ಟೈಪ್ ಮಾಡುವಾಗ ಅಂಗೈ ಊರುವ ಜಾಗ. ಊರಿದರೆ ಕಿರ್ ಅನ್ನುತ್ತದೆ, ಎತ್ತಿದರೆ ಟಕ್ ಅನ್ನುತ್ತದೆ. ನಾನು ಪ್ರೂಫ್ ನೋಡುವವಳು. ಬೇರೆಯವರ ಪುಸ್ತಕಗಳ ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ದಿನಕ್ಕೆ ಏಳೆಂಟು ಗಂಟೆ ನನ್ನ ಕೈ ಅಲ್ಲೇ ಇರುತ್ತದೆ. ಇನ್ನೆಲ್ಲಿ ಇಡಲಿ, ತಲೆ ಮೇಲಾ?

ಯಂತ್ರ ಹೊಚ್ಚ ಹೊಸದು. 68,000 ರೂಪಾಯಿ, ಅದೂ ಕಂತಿನಲ್ಲಿ. ಜಾಹೀರಾತಿನಲ್ಲಿ 'ಮಿಲಿಟರಿ ಗ್ರೇಡ್' ಅಂತ ದಪ್ಪ ಅಕ್ಷರದಲ್ಲಿ ಇತ್ತು. ಆಮೇಲೆ ಕೂತು ಓದಿದೆ. ಮಿಲ್-ಎಸ್‌ಟಿಡಿ-810 ಅನ್ನುವುದು ಅಮೆರಿಕದ ಸೇನೆಯ ಒಂದು ಪರೀಕ್ಷಾ ಕೈಪಿಡಿ. ಬಿಸಿಲು, ಧೂಳು, ಕುಲುಕಾಟ, ಮೇಲಿಂದ ಬೀಳುವುದು, ಹೀಗೆ ಹತ್ತಾರು ಪರೀಕ್ಷೆ ಅದರಲ್ಲಿವೆ. ಯಾವುದನ್ನು ಮಾಡಬೇಕು, ಹೇಗೆ ಮಾಡಬೇಕು ಅನ್ನುವುದು ಕಂಪನಿಗೇ ಬಿಟ್ಟಿದ್ದು. ಪಾಸಾಯಿತು ಅಂತ ಹೇಳಿಕೊಳ್ಳುವವರೂ ಅವರೇ. ಸೇನೆಯವರು ಬಂದು ಸೀಲು ಒತ್ತುವುದಿಲ್ಲ. ಹೆಂಗಸೊಬ್ಬಳು ಎಡ ಅಂಗೈ ಊರಿ ಒತ್ತಕ್ಷರ ತಿದ್ದುವ ಪರೀಕ್ಷೆಯಂತೂ ಅದರಲ್ಲಿ ಇರಲಾರದು.

ಸದ್ದಿನ ಜೊತೆಗೆ ಒಂದು ಚುಕ್ಕಿಯೂ ಇದೆ. ಪರದೆಯ ನಡುವಿನಿಂದ ಸ್ವಲ್ಪ ಬಲಕ್ಕೆ, ಕಪ್ಪು ಚುಕ್ಕಿ. ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲ. ಬೇರೆಯವರಿಗೆ ತೋರಿಸಿದರೆ "ಎಲ್ಲಿ? ಎಲ್ಲಿ?" ಅಂತ ಮೂಗು ತಾಗಿಸಿ ಹುಡುಕುತ್ತಾರೆ. ನನಗೆ ಮಾತ್ರ ಅದು ವಾಕ್ಯದ ನಡುವೆ ಬಂದು ಕೂತ ಪೂರ್ಣವಿರಾಮ. ಕೈ ತಾನಾಗಿಯೇ ಡಿಲೀಟ್ ಒತ್ತಲು ಹೋಗುತ್ತದೆ. ಪುಟ ಮೇಲೆ ಸರಿಸಿದರೆ ಸಾಲುಗಳೆಲ್ಲ ಸರಿಯುತ್ತವೆ, ಚುಕ್ಕಿ ಅಲ್ಲೇ ನಿಲ್ಲುತ್ತದೆ. ಈ ಪುಟದಲ್ಲಿ 'ಮನೆ' ಆದ ಮೇಲೆ ಇತ್ತು, ಮುಂದಿನ ಪುಟದಲ್ಲಿ 'ಮದುವೆ' ಆದ ಮೇಲೆ.

ಇವೆರಡನ್ನೂ ಹಿಡಿದುಕೊಂಡು ಹೋಗಿದ್ದೆ. ಟೋಕನ್ ತಗೊಂಡು ಕೂತೆ. ನನ್ನ ಸರದಿ ಬಂತು. ಹುಡುಗ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟ. ಬಲಗಡೆ ಒತ್ತಿದ, ಸದ್ದಿಲ್ಲ. ಎಡಗಡೆ ಒತ್ತಿದ, ಕಿರ್. ಇನ್ನೊಮ್ಮೆ ಒತ್ತಿದ, ಕಿರ್. ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆಗ ಬಂತು ಆ ಮಾತು. ಅಲ್ಲಿ ಒತ್ತದೇ ಇದ್ರೆ ಸದ್ದು ಬರಲ್ಲ ಮೇಡಂ.

"ಅಲ್ಲಪ್ಪಾ, ಒತ್ತದೇ ಟೈಪ್ ಮಾಡೋದು ಹೇಗೆ?" ಅಂದೆ.

"ಕೈ ಸ್ವಲ್ಪ ಎತ್ತಿ ಮಾಡಿ ಮೇಡಂ. ಪ್ಲಾಸ್ಟಿಕ್ ಬಾಡಿ ಅಲ್ವಾ, ಸೆಟ್ ಆಗುತ್ತೆ. ಎಲ್ಲಾದ್ರಲ್ಲೂ ಇರುತ್ತೆ. ನಾರ್ಮಲ್."

ಸುಳ್ಳೇನೂ ಹೇಳಲಿಲ್ಲ ಅವನು. ಮೇಲಿನ ಮುಚ್ಚಳ, ಕೆಳಗಿನ ಮುಚ್ಚಳ ಎರಡನ್ನೂ ಸಣ್ಣ ಸಣ್ಣ ಕೊಕ್ಕೆಗಳು ಹಿಡಿದುಕೊಂಡಿರುತ್ತವೆ. ಅಲ್ಲಲ್ಲಿ ಸ್ಕ್ರೂ. ಒಂದು ಕೊಕ್ಕೆ ಸರಿಯಾಗಿ ಕೂರದಿದ್ದರೆ, ಇಲ್ಲವೇ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಇದ್ದರೆ, ಒತ್ತಿದಾಗ ಎರಡೂ ಉಜ್ಜಿಕೊಂಡು ಸದ್ದು ಬರುತ್ತದೆ. ಇಷ್ಟೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಚ್ಚಿ, ಕೂರಿಸಿ, ಬಿಗಿ ಮಾಡಲು ಹತ್ತು ನಿಮಿಷ ಸಾಕು. ಆದರೆ ಬಿಚ್ಚಬೇಕಾದರೆ ಮೊದಲು ದೋಷ ಇದೆ ಅಂತ ಒಪ್ಪಬೇಕಲ್ಲ. ಒಪ್ಪುವ ಅಧಿಕಾರ ಅವನಿಗಿಲ್ಲ.

ಚುಕ್ಕಿಗೆ ಇನ್ನೂ ಸಲೀಸಾದ ಉತ್ತರ. "ಒಂದೇ ಇದೆ ಮೇಡಂ. ಜಾಸ್ತಿ ಆದ್ಮೇಲೆ ಬನ್ನಿ." ಇದಕ್ಕೂ ಒಂದು ಲೆಕ್ಕ ಇದೆ. ನನ್ನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷದ ಮೇಲೆ ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಪುಟ್ಟ ಬಿಂದುಗಳು. ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು. ಪ್ರತಿ ಪಾಲಿಗೂ ಸ್ವಿಚ್ಚಿನಂಥ ಒಂದು ಟ್ರಾನ್ಸಿಸ್ಟರ್. ಅಂದರೆ 60 ಲಕ್ಷದ ಮೇಲೆ. ಒಂದೂ ಕೆಡಬಾರದು ಅಂದರೆ ಪರದೆಯ ಬೆಲೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ 2001ರ ಐಎಸ್‌ಒ 13406-2 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಪರದೆಗಳನ್ನು ನಾಲ್ಕು ದರ್ಜೆ ಮಾಡಿತು. ಎರಡನೇ ದರ್ಜೆಯಲ್ಲಿ 10 ಲಕ್ಷ ಪಿಕ್ಸೆಲ್‌ಗೆ ಸದಾ ಉರಿಯುವವು ಎರಡು, ಸದಾ ಕಪ್ಪಾಗಿರುವವು ಎರಡು ಇದ್ದರೂ ನಡೆಯುತ್ತದೆ. ಆ ಮಾನದಂಡ ಹೋಗಿ ಈಗ ಬೇರೆ ಬಂದಿದೆ, ಧೋರಣೆ ಮಾತ್ರ ಅದೇ. ಆ ಲೆಕ್ಕ ಹಿಡಿದರೆ ನನಗೆ ಇನ್ನೂ ಮೂರು ಕಪ್ಪು ಚುಕ್ಕಿ ಬಾಕಿ ಇವೆ. ಬೆಲೆಯ ಮಾತು ನನಗೆ ಅರ್ಥವಾಗುತ್ತದೆ. ಕೊಳ್ಳುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ಅರ್ಥವಾಗದ್ದು. 'ಕಣ್ಣು ತಂಪಾಗಿಸುವ ಪರದೆ' ಅಂತ ಬರೆದ ಕಡೆಯೇ 'ನಾಲ್ಕು ಚುಕ್ಕಿವರೆಗೆ ಸುಮ್ನಿರಬೇಕು' ಅಂತಲೂ ಬರೆಯಲಿ.

ನಮ್ಮಮ್ಮ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ಕೊಳ್ಳುವಾಗ ಗಾಜಿನ ಕೌಂಟರ್ ಮೇಲೆ ಇಟ್ಟು ತಿರುಗಿಸುತ್ತಿದ್ದರು. ಅಲ್ಲಾಡಿದರೆ ಬೇಡ. ಬೆರಳಲ್ಲಿ ತಟ್ಟಿ, ಅಂಚು ಸವರಿ, ಮುಚ್ಚಳ ಹಾಕಿ ತೆಗೆದು, ಆಮೇಲೆಯೇ "ಹೆಸರು ಹಾಕಿ" ಅನ್ನುತ್ತಿದ್ದರು. ಹೆಸರು ಕೆತ್ತಿಸಿದ ಮೇಲೆ ವಾಪಸ್ ಇಲ್ಲ, ಅದು ಅಂಗಡಿಯವನಿಗೂ ಗೊತ್ತು, ಅಮ್ಮನಿಗೂ ಗೊತ್ತು. ಅಷ್ಟು ಹೊತ್ತು ಅವನು ಬೇಸರವಿಲ್ಲದೆ ಕಾಯುತ್ತಿದ್ದ. ಲ್ಯಾಪ್‌ಟಾಪಿನದು ಉಲ್ಟಾ. ಡಬ್ಬ ತೆಗೆದ ಕೂಡಲೇ ಮೊದಲು ನನ್ನ ಹೆಸರನ್ನೇ ಕೇಳಿತು. ಹೆಸರು, ಇಮೇಲ್, ಪಾಸ್‌ವರ್ಡ್, ಬೆರಳಚ್ಚು. ತಿರುಗಿಸಿ ತಟ್ಟಿ ನೋಡುವ ಹೊತ್ತಿಗೆ ಹೆಸರು ಕೆತ್ತಿ ಆಗಿತ್ತು.

ಇದೆಲ್ಲ ಹೇಳಿದರೆ ನಮ್ಮನೆಯವರು "ಕೆಲಸ ಮಾಡ್ತಿದೆಯಲ್ಲ, ಮತ್ತೇನು?" ಅಂದರು. ಇದೇ ಮನುಷ್ಯ ಹೋಟೆಲಿನಲ್ಲಿ ಕಾಫಿ ಒಂಚೂರು ಆರಿದ್ದರೆ ಲೋಟ ವಾಪಸ್ ಕಳಿಸುತ್ತಾರೆ. ಕಾಫಿಗೆ ಇಪ್ಪತ್ತು ರೂಪಾಯಿ.

"ನೀವು ಹಿಡಿದದ್ದೇ ತಪ್ಪು" ಅನ್ನುವ ಉತ್ತರ ಹೊಸದೇನಲ್ಲ. 2010ರಲ್ಲಿ ಐಫೋನ್ 4 ಬಂದಾಗ ಎಡಗಡೆ ಕೆಳ ಅಂಚಿನಲ್ಲಿ ಬೆರಳು ತಾಗಿದರೆ ಸಿಗ್ನಲ್ ಇಳಿಯುತ್ತಿತ್ತು. ಹಾಗೆ ಹಿಡಿಯಬೇಡಿ ಅಂತ ಆ್ಯಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರೇ ಒಬ್ಬ ಗ್ರಾಹಕನಿಗೆ ಇಮೇಲ್ ಬರೆದಿದ್ದರು. ಮುಂದಿನ ತಿಂಗಳೇ ಎಲ್ಲರಿಗೂ ಪುಕ್ಕಟೆ ಕವರ್ ಕೊಡಬೇಕಾಯಿತು. ಅದೇ ಕಂಪನಿ 2015ರಲ್ಲಿ ತೆಳ್ಳಗಿನ ಬಟರ್‌ಫ್ಲೈ ಕೀಬೋರ್ಡ್ ತಂತು. ಒಂದು ಧೂಳಿನ ಕಣ ಹೊಕ್ಕರೆ ಸಾಕು, ಕೀಲಿ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಒಂದು ಒತ್ತಿಗೆ ಎರಡು ಅಕ್ಷರ ಬೀಳುತ್ತಿತ್ತು. ದೂರು ಹೇಳಿದವರು ಮೊದಮೊದಲು ಕೊಂಕು ಹುಡುಕುವವರು ಅನ್ನಿಸಿಕೊಂಡರು. 2018ರಲ್ಲಿ ಪುಕ್ಕಟೆ ರಿಪೇರಿ ಯೋಜನೆ ಬಂತು. ಆಮೇಲೆ ಆ ಕೀಬೋರ್ಡನ್ನೇ ಕೈಬಿಟ್ಟರು. 2022ರಲ್ಲಿ 5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಲು ಒಪ್ಪಿದರು. ನನ್ನ ಕಿರ್ ಸದ್ದು ಅಷ್ಟು ದೊಡ್ಡದಲ್ಲ, ಗೊತ್ತು. ಅವರದ್ದೂ ಶುರುವಿನಲ್ಲಿ ಅಷ್ಟು ದೊಡ್ಡದಿರಲಿಲ್ಲ.

ಅವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಕಾಲೇಜು ಹುಡುಗಿ ಕೂತಿದ್ದಳು. ಅವಳದ್ದೂ ನನ್ನ ಲ್ಯಾಪ್‌ಟಾಪಿನ ಕಂಪನಿಯದೇ, ಎರಡು ವರ್ಷ ಹಳೆಯದು. ಪರದೆಯ ಒಂದು ಮೂಲೆ ಬಾಯಿ ಬಿಟ್ಟಿತ್ತು. ಪರದೆ ಮಡಚುವ ಹಿಂಜ್ ಕಿತ್ತು, ಪ್ಲಾಸ್ಟಿಕ್ ಸೀಳಿ, ಒಳಗಿನ ಹಿತ್ತಾಳೆಯ ಪುಟ್ಟ ನಟ್ಟು ಕಾಣುತ್ತಿತ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ತಂದಿದ್ದಳು. ಅವಳಿಗೆ ಹೇಳಿದ್ದು 'ಫಿಸಿಕಲ್ ಡ್ಯಾಮೇಜ್', ಅಂದರೆ ದುಡ್ಡು ಕೊಡಬೇಕು.

"ಹೊಸದ್ರಲ್ಲೇ ಟೈಟ್ ಇತ್ತು ಆಂಟಿ. ತೆಗೆಯೋವಾಗ ಕಟಕಟ ಅಂತಿತ್ತು. ಆಗ್ಲೇ ಬಂದು ತೋರಿಸಿದ್ದೆ. ನಾರ್ಮಲ್ ಅಂದ್ರು" ಅಂದಳು.

ನನಗೆ ಕೋಪ ಬಂದದ್ದು ಆಗಲೇ, ನನ್ನ ಸದ್ದಿಗಲ್ಲ. ಹಿಂಜ್ ಬಿಗಿ ಜಾಸ್ತಿ ಇದ್ದರೆ ಪ್ರತಿ ಸಲ ತೆಗೆದು ಮುಚ್ಚುವಾಗಲೂ ಆ ಎಳೆತವೆಲ್ಲ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ನಟ್ಟಿನ ಮೇಲೆ ಬೀಳುತ್ತದೆ. ಒಂದು ದಿನ ಅದು ಕಿತ್ತು ಬರುತ್ತದೆ. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ. ವಾರಂಟಿ ಇದ್ದಾಗ ನಾರ್ಮಲ್, ಮುಗಿದ ಮೇಲೆ ಡ್ಯಾಮೇಜ್. ಈ ಎರಡರ ನಡುವೆ ಅದು ದೋಷ ಆಗಿದ್ದ ದಿನ ಒಂದೂ ಇಲ್ಲ! ಅವಳು ಮೊದಲ ಸಲ ಬಂದದ್ದಕ್ಕೆ ಒಂದು ಚೀಟಿಯೂ ಇಲ್ಲ. "ಬಾಯಲ್ಲೇ ಹೇಳಿ ಕಳಿಸಿದ್ರು" ಅಂದಳು. ಆ ಮಗುವಿನ ಅಪ್ಪ ಎಲ್ಲಿಂದ ಹೊಂದಿಸಿ ಕೊಡಿಸಿದ್ದರೋ.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ನಾನು ಹೇಳಿದ ಮೂರನೇ ದೂರನ್ನು ಅವನು ಬಗೆಹರಿಸಿದ. ಚಾರ್ಜಿಗೆ ಹಾಕಿದಾಗ ಪರದೆಯ ಹಿಂಬದಿಯ ಲೋಹದ ಮುಚ್ಚಳದ ಮೇಲೆ ಬೆರಳು ಸವರಿದರೆ ಜುಮ್ ಅನ್ನುತ್ತಿತ್ತು. ಅತ್ತೆ ಒಮ್ಮೆ ಮುಟ್ಟಿ "ಇದು ಶಾಕ್ ಹೊಡೀತದೆ ಕಣೇ" ಅಂತ ಹತ್ತಿರವೇ ಬರುತ್ತಿರಲಿಲ್ಲ. ಹುಡುಗ ಕೇಳಿದ ಮೊದಲ ಪ್ರಶ್ನೆ, "ಎಕ್ಸ್‌ಟೆನ್ಷನ್ ಬೋರ್ಡ್ ಬಳಸ್ತೀರಾ?" ಬಳಸುತ್ತಿದ್ದೆ. ಮೂರು ತೂತು ಇರುತ್ತೆ, ಒಳಗೆ ಎರಡೇ ವೈರ್ ಇರಬಹುದು ಮೇಡಂ, ಬಿಚ್ಚಿ ನೋಡಿ ಅಂದ. ಚಾರ್ಜರಿನ ಒಳಗಿನ ಫಿಲ್ಟರಿನಿಂದ ಚೂರೇಚೂರು ಕರೆಂಟ್ ಸೋರುತ್ತದೆ, ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಬೆರಳಿಗೆ ಬರುತ್ತದೆ ಅಂತ ವಿವರಿಸಿದ. ಮನೆಗೆ ಬಂದು ಬಿಚ್ಚಿಸಿದರೆ ನಿಜ, ಎರಡೇ ವೈರ್. ಅರ್ಥಿನ ದಪ್ಪ ತೂತು ಬರೀ ಅಲಂಕಾರಕ್ಕೆ. ಗೋಡೆಯ ಸಾಕೆಟ್ಟಿಗೇ ನೇರ ಹಾಕಿದೆ, ಜುಮ್ ನಿಂತಿತು. ಇಂಥ ತಿಳಿದ ಹುಡುಗನ ಬಾಯಲ್ಲಿ ಒತ್ತಬೇಡಿ ಮೇಡಂ ಅನ್ನಿಸುವ ಕೆಲಸ ಎಂಥದ್ದು ಅಂತ ಯೋಚಿಸುತ್ತಿದ್ದೇನೆ. ಬಿಟ್ಟರೆ ಅವನು ಹತ್ತೇ ನಿಮಿಷದಲ್ಲಿ ಸರಿ ಮಾಡುತ್ತಿದ್ದ. ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಕಂಪ್ಯೂಟರಿನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ.

ಹೊರಡುವಾಗ ಜಾಬ್ ಶೀಟ್ ಕೈಗೆ ಕೊಟ್ಟ. ಓದಿದೆ. 'ನೋ ಫಾಲ್ಟ್ ಫೌಂಡ್. ಕಸ್ಟಮರ್ ಎಜುಕೇಟೆಡ್.'

ಮತ್ತೆ ಓದಿದೆ. ನನಗೆ ವಿದ್ಯೆ ಕಲಿಸಿ ಕಳಿಸುತ್ತಿದ್ದಾರೆ! ಪಕ್ಕದ ಹುಡುಗಿಯ ರಬ್ಬರ್ ಬ್ಯಾಂಡ್ ಇನ್ನೂ ಕಣ್ಣ ಮುಂದೆಯೇ ಇತ್ತು. ಇದು ತಪ್ಪು, ತಿದ್ದಿ ಕೊಡಿ ಅಂದೆ.

"ಸಿಸ್ಟಂನಲ್ಲಿ ಇಷ್ಟೇ ಆಪ್ಷನ್ ಇರೋದು ಮೇಡಂ."

"ಪೆನ್ನಲ್ಲಿ ಬರೆಯಿರಿ."

"ಹಾಗೆ ಬರೆಯೋ ಹಾಗಿಲ್ಲ."

"ಸದ್ದು ಬಂತೋ ಇಲ್ವೋ?"

"ಬಂತು."

"ಅದನ್ನೇ ಬರೆಯಿರಿ. ದೋಷ ಅಂತ ಬರೆಯಬೇಡಿ. ಎಡಗಡೆ ಒತ್ತಿದರೆ ಸದ್ದು ಬರುತ್ತೆ, ಪರದೆಯಲ್ಲಿ ಒಂದು ಕಪ್ಪು ಚುಕ್ಕಿ ಇದೆ. ಅಷ್ಟೇ."

ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದು, ತಾರೀಕು ಹಾಕಿ, ಸೀಲು ಒತ್ತಿದ. ಸೀಲು ಅರ್ಧ ಮೂಡಿತ್ತು, ಇನ್ನೊಮ್ಮೆ ಒತ್ತಿಸಿದೆ. ಪಕ್ಕದ ಹುಡುಗಿ ನೋಡುತ್ತಿದ್ದಳು. ಯಾವ ಚಿಕ್ಕ ದೂರಿಗೂ ಹೀಗೆ ಬರೆಸಿಕೊಳ್ಳಮ್ಮಾ ಅಂತ ಅವಳಿಗೂ ಹೇಳಿದೆ. ಹುಡುಗನಿಗೂ ಕೇಳಿಸಿತು, ಅವನು ತಲೆ ತಗ್ಗಿಸಿ ನಕ್ಕ ಅನ್ನಿಸಿತು.

ಮಾರನೇ ದಿನ ಅವನದೇ ಫೋನ್. "ಮೇಡಂ, ಒಂದು ಮೆಸೇಜ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಪ್ಲೀಸ್. ಎಂಟು ಕೊಟ್ರೂ ನನಗೆ ಮೈನಸ್ಸು." ಹತ್ತೇ ಕೊಟ್ಟೆ. ಅವನಿಗೆ ಅಂಕ ಕಡಿಮೆ ಮಾಡಿದರೆ ನನ್ನ ಮುಚ್ಚಳದ ಕೊಕ್ಕೆ ಕೂರುವುದಿಲ್ಲವಲ್ಲ. ಆ ಮೆಸೇಜಿನಲ್ಲಿ ಹುಡುಗನ ನಡವಳಿಕೆ ಹೇಗಿತ್ತು, ಕಾಯಿಸಿದರಾ, ಜಾಗ ಚೊಕ್ಕಟವಾಗಿತ್ತಾ ಎಲ್ಲ ಕೇಳಿದ್ದರು. ಲ್ಯಾಪ್‌ಟಾಪ್ ಹೇಗಿದೆ ಅಂತ ಕೇಳಿರಲಿಲ್ಲ.

ಆನ್‌ಲೈನಿನಲ್ಲಿ ಕೊಂಡಿದ್ದರಿಂದ ಇನ್ನೊಂದು ದಾರಿ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವ ತಾಣಕ್ಕೆ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆಯಲ್ಲಿ ಮಾರುವವರು ತಾವೇ ಹೇಳಿಕೊಂಡ ಗುಣಮಟ್ಟಕ್ಕಿಂತ ಕಡಿಮೆ ಇದ್ದರೂ ಅದು ದೋಷವೇ. ಹಾಗಾಗಿ ಆ 'ಮಿಲಿಟರಿ ಗ್ರೇಡ್' ಪುಟದ ಚಿತ್ರವನ್ನೂ ಜೊತೆಗೆ ಹಾಕಿದೆ. ಸೀಲು ಒತ್ತಿದ ಶೀಟು, ಸದ್ದಿನ ವಿಡಿಯೊ, ಚುಕ್ಕಿಯ ಫೋಟೊ ಎಲ್ಲ ಹಾಕಿ ಗುರುವಾರ ರಾತ್ರಿ ಕಳಿಸಿದೆ. ಬರೆಯುವಷ್ಟೂ ಹೊತ್ತು ಕಿರ್, ಟಕ್.

ಶುಕ್ರವಾರ ಸಂಜೆಗೇ ಉತ್ತರ ಬಂತು. ದೂರಿನ ನಂಬರ್ ಇದೆ, ಬಗೆಹರಿಸುವ ಕೊನೇ ತಾರೀಕೂ ಇದೆ. ಶುರುವಾಗುವುದು 'ಡಿಯರ್ ಸರ್' ಅಂತ. ಅದನ್ನೂ ತಿದ್ದಿ ಕಳಿಸಿದ್ದೇನೆ.