ಎರಡನೆಯ ಸ್ಕೈಲೈನ್ಸ್‌ನಲ್ಲಿ ನನ್ನ ತಪ್ಪುಗಳು ಎಲ್ಲಿ ಹೋದವು?

ಸಿಟೀಸ್: ಸ್ಕೈಲೈನ್ಸ್ ಎಂಬ, ನಗರ ಕಟ್ಟಿ ಮೇಯರ್ ಆಗಿ ನಡೆಸುವ ಕಂಪ್ಯೂಟರ್ ಆಟದಲ್ಲಿ ನಾನು ಕಟ್ಟಿದ ಮೊದಲ ಊರು ಎರಡು ಸಾವಿರ ಜನ ತುಂಬುವ ಮೊದಲೇ ಕಾಯಿಲೆ ಬಿದ್ದಿತು. ಮನೆಗಳ ಮೇಲೆಲ್ಲ ರೋಗದ ಚಿಹ್ನೆ ಮೂಡಿತು, ಆಂಬುಲೆನ್ಸ್‌ಗಳು ಒಂದರ ಹಿಂದೆ ಒಂದು ಓಡಿದವು, ಇದ್ದ ಹಣದಲ್ಲಿ ಇನ್ನೊಂದು ಚಿಕಿತ್ಸಾಲಯವನ್ನು ಕಟ್ಟಿಸಿದರೂ ಕಾಯಿಲೆ ಇಳಿಯಲಿಲ್ಲ. ಕಾರಣ ತಿಳಿದದ್ದು ನದಿಯ ಕಡೆಗೆ ಕಣ್ಣು ಹಾಯಿಸಿದಾಗ. ಒಳಚರಂಡಿಯ ಕೊಳವೆಯನ್ನು ನಾನು ನೀರೆತ್ತುವ ಪಂಪಿಗಿಂತ ಮೇಲ್ಭಾಗದಲ್ಲಿ ನದಿಗೆ ಬಿಟ್ಟಿದ್ದೆ. ಕಂದು ಬಣ್ಣದ ನೀರು ನೇರವಾಗಿ ಪಂಪಿನ ಬಾಯಿಗೇ ಹರಿದು ಬರುತ್ತಿತ್ತು, ಊರು ತಾನು ಬಿಟ್ಟ ಕೊಳೆಯನ್ನು ತಾನೇ ಕುಡಿಯುತ್ತಿತ್ತು.

ಆ ಸಂಜೆಯನ್ನು ಈಗಲೂ ನೆನೆಯುವುದಕ್ಕೆ ಕಾರಣವಿದೆ. ತಪ್ಪು ನನ್ನದಾಗಿತ್ತು, ಅದರ ಫಲ ಕಣ್ಣೆದುರಿಗಿತ್ತು, ಎರಡನ್ನೂ ಜೋಡಿಸುವ ಎಳೆ ಆ ನೀರಿನಲ್ಲೇ ಕಾಣುತ್ತಿತ್ತು. 2023ರ ಅಕ್ಟೋಬರ್ 24ರಂದು ಬಿಡುಗಡೆಯಾದ ಎರಡನೆಯ ಆಟವನ್ನು ಬಿಟ್ಟು ಬಿಟ್ಟು ಆಡುತ್ತ ಬಂದಿರುವ ನನಗೆ ಅದರ ಬಗೆಗಿರುವ ಮೆಚ್ಚುಗೆಯೂ ಅಸಮಾಧಾನವೂ ಕಡೆಗೆ ಈ ಎಳೆಯ ಬಳಿಗೇ ಬಂದು ನಿಲ್ಲುತ್ತವೆ. ಹೊಸ ಆಟ ಹಳೆಯದಕ್ಕಿಂತ ಎಷ್ಟೋ ಹೆಚ್ಚಿನದನ್ನು ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕದಲ್ಲಿ ನನ್ನ ಕೈವಾಡ ಎಷ್ಟು ಎಂಬುದು ಬಹಳ ಕಾಲ ನನಗೆ ಕಾಣಲೇ ಇಲ್ಲ.

ಮೊದಲ ಆಟ ಬಂದದ್ದು 2015ರ ಮಾರ್ಚ್ 10ರಂದು. ಅದನ್ನು ರೂಪಿಸಿದ್ದು ಫಿನ್‌ಲೆಂಡಿನ ತಂಪೆರೆ ನಗರದ ಕೊಲೋಸಲ್ ಆರ್ಡರ್ ಎಂಬ ಪುಟ್ಟ ಸಂಸ್ಥೆ, ಪ್ರಕಟಿಸಿದ್ದು ಸ್ವೀಡನ್ನಿನ ಪ್ಯಾರಡಾಕ್ಸ್ ಇಂಟರಾಕ್ಟಿವ್. ಅದಕ್ಕೆ ಮುಂಚೆ ಅದೇ ತಂಡ ಬಸ್ಸು, ಟ್ರಾಮ್, ಮೆಟ್ರೋಗಳನ್ನು ಓಡಿಸುವ ‘ಸಿಟೀಸ್ ಇನ್ ಮೋಷನ್’ ಸರಣಿಯ ಎರಡು ಆಟಗಳನ್ನು ಮಾಡಿತ್ತು. ಸ್ಕೈಲೈನ್ಸ್‌ನಲ್ಲಿ ರಸ್ತೆ ಮತ್ತು ಸಂಚಾರಕ್ಕೆ ಸಿಕ್ಕ ಪ್ರಾಧಾನ್ಯ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಡ. ಕಾಲವೂ ಕೂಡಿ ಬಂದಿತ್ತು. ನಗರ ಕಟ್ಟುವ ಇನ್ನೊಂದು ಆಟವಾದ 2013ರ ಸಿಮ್‌ಸಿಟಿ, ಒಬ್ಬರೇ ಆಡುವಾಗಲೂ ಇಂಟರ್ನೆಟ್ ಸಂಪರ್ಕ ಇರಲೇಬೇಕೆಂದು ಹಟ ಹಿಡಿದು, ಬಿಡುಗಡೆಯ ವಾರದಲ್ಲಿ ಸರ್ವರ್‌ಗಳು ಕೈಕೊಟ್ಟು, ಅಂಗೈಯಗಲದ ಜಾಗದಲ್ಲಿ ನಗರ ಕಟ್ಟಿ ಎಂದು ಹೇಳಿ, ಆ ಪ್ರಕಾರದ ಅಭಿಮಾನಿಗಳನ್ನೇ ದೂರ ಮಾಡಿಕೊಂಡಿತ್ತು. ಒಂಟಿಯಾಗಿ, ಇಂಟರ್ನೆಟ್ಟಿನ ಹಂಗಿಲ್ಲದೆ, ಇಪ್ಪತ್ತೈದು ಚೌಕಗಳ ನಕ್ಷೆಯಲ್ಲಿ ಒಂಬತ್ತನ್ನು ಕೊಂಡು ಊರು ಬೆಳೆಸಲು ಬಿಟ್ಟ ಸ್ಕೈಲೈನ್ಸ್ ಆ ಬಾಯಾರಿಕೆಗೆ ಸಿಕ್ಕ ನೀರಾಯಿತು.

ಎರಡನೆಯ ಆಟದ ರಸ್ತೆಗಳ ಬಗ್ಗೆ ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಹಳೆಯ ಆಟದಲ್ಲಿ ರಸ್ತೆ ಹಾಕಿದ ಮೇಲೆ ನೀರಿನ ಕೊಳವೆಗಳನ್ನು ನೆಲದಡಿಯ ನೋಟಕ್ಕೆ ಹೋಗಿ ಬೇರೆಯಾಗಿ ಹಾಸಬೇಕಿತ್ತು. ಯಾವುದೋ ಮೂಲೆಯ ನಾಲ್ಕು ಮನೆಗಳಿಗೆ ಕೊಳವೆ ತಲುಪದೆ ಅವು ಖಾಲಿಯಾದ ಮೇಲೆಯೇ ನೆನಪಾಗುತ್ತಿತ್ತು. ಹೊಸ ಆಟದಲ್ಲಿ ನೀರು, ಒಳಚರಂಡಿ, ವಿದ್ಯುತ್ತು ಮೂರೂ ರಸ್ತೆಯೊಳಗೇ ಹೋಗುತ್ತವೆ. ಸಮಾನಾಂತರವಾಗಿ ಎರಡು ರಸ್ತೆಗಳನ್ನು ಒಂದೇ ಎಳೆತದಲ್ಲಿ ಹಾಕಬಹುದು, ಇಡೀ ಬಡಾವಣೆಯ ಅಡ್ಡರಸ್ತೆಗಳನ್ನು ಚೌಕುಳಿಯಾಗಿ ಒಮ್ಮೆಗೇ ಬಿಡಿಸಬಹುದು, ಕೂಡುರಸ್ತೆಯ ಮೇಲೆ ಸರ್ಕಲ್ಲನ್ನು ತಂದಿಟ್ಟರೆ ಸುತ್ತಲಿನ ರಸ್ತೆಗಳು ತಾವೇ ಅದಕ್ಕೆ ಬಾಗಿ ಸೇರಿಕೊಳ್ಳುತ್ತವೆ. ಹಾಕಿದ ರಸ್ತೆಗೆ ಆಮೇಲೆ ಸಾಲುಮರ, ಅಗಲವಾದ ಪಾದಚಾರಿ ದಾರಿ, ಸಿಗ್ನಲ್ ಬೇಕಾದಂತೆ ಜೋಡಿಸಬಹುದು. ಹಳೆಯ ಆಟದಲ್ಲಿ ಮೇಲ್ಸೇತುವೆಯ ಒಂದು ಇಳಿಜಾರನ್ನು ಸರಿಪಡಿಸುವುದಕ್ಕೆ ಅರ್ಧ ಗಂಟೆ ಕಳೆದವರಿಗೆ ಇದರ ಬೆಲೆ ಗೊತ್ತು. ವಾಹನಗಳನ್ನು ನಮ್ಮಲ್ಲಿಯಂತೆ ಎಡಬದಿಯಲ್ಲಿ ಓಡಿಸುವ ಆಯ್ಕೆ ಎರಡರಲ್ಲೂ ಇದೆ. ನಾನು ಎರಡರಲ್ಲೂ ಮೊದಲು ಹುಡುಕಿದ್ದು ಅದನ್ನೇ.

ಕಟ್ಟಡಗಳ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಮೊದಲ ಆಟವು ಮನೆಗೆ ಬೇರೆ ವಲಯ, ಅಂಗಡಿಗೆ ಬೇರೆ ವಲಯ ಎಂಬ ಅಮೆರಿಕದ ಪಟ್ಟಣಗಳ ಕ್ರಮವನ್ನು ಹಾಗೆಯೇ ಹಿಡಿದುಕೊಂಡು ಹುಟ್ಟಿತ್ತು. ಕೆಳಗೆ ದಿನಸಿ ಅಂಗಡಿ, ಮೇಲೆ ಮನೆ ಇರುವ ಬೀದಿಯಲ್ಲಿ ಬೆಳೆದ ನನಗೆ ಅದು ಎಂದಿಗೂ ಊರಿನಂತೆ ಕಾಣಲಿಲ್ಲ. ಎರಡನೆಯದು ಮಿಶ್ರ ಬಳಕೆಯ ವಲಯವನ್ನು ಮೊದಲ ದಿನದಿಂದಲೇ ಕೊಟ್ಟಿದೆ.

ಇನ್ನು ಸಂಚಾರ. ಹಳೆಯ ಆಟದ ಕಾರುಗಳಿಗೆ ಒಂದು ಪ್ರಸಿದ್ಧ ದುರಭ್ಯಾಸವಿತ್ತು. ಹೊರಡುವಾಗಲೇ ಹತ್ತಿರದ ದಾರಿಯನ್ನು ನಿಶ್ಚಯಿಸಿಕೊಂಡು, ಮುಂದೆಲ್ಲೋ ಬರುವ ತಿರುವಿಗಾಗಿ ಒಂದು ಮೈಲಿ ಹಿಂದೆಯೇ ಒಂದೇ ಲೇನಿನಲ್ಲಿ ಸಾಲು ಹಿಡಿದು ನಿಲ್ಲುತ್ತಿದ್ದವು; ಪಕ್ಕದ ಎರಡು ಲೇನುಗಳು ಖಾಲಿ ಬಿದ್ದಿರುತ್ತಿದ್ದವು. ಬಹಳ ಹೊತ್ತು ಸಿಕ್ಕಿಕೊಂಡ ವಾಹನ ಮಾಯವಾಗಿಬಿಡುತ್ತಿತ್ತು. ನಿಲ್ಲಿಸಲು ಜಾಗವಿಲ್ಲದಿದ್ದರೆ ಸವಾರ ಕಾರನ್ನು ಜೇಬಿಗೆ ಹಾಕಿಕೊಂಡಂತೆ ಇಳಿದು ನಡೆದುಬಿಡುತ್ತಿದ್ದ. ಇದರ ಜೊತೆಗೆ ಅಂಕಿಗಳ ಗಡಿಯೊಂದಿತ್ತು: ಒಮ್ಮೆಗೆ ಬೀದಿಯಲ್ಲಿ ಓಡಾಡಬಲ್ಲ ಜನರು 65,536, ವಾಹನಗಳು 16,384.  ಎರಡನೆಯ ಆಟ ಈ ಗಡಿಗಳನ್ನು ತೆಗೆದುಹಾಕಿ, ಹೊರಟ ಪ್ರತಿಯೊಬ್ಬರೂ ಸಮಯ, ಹಣ, ಆರಾಮ ಇವುಗಳನ್ನು ತೂಗಿ ದಾರಿ ಆರಿಸುವಂತೆ ಮಾಡಿದೆ. ಹದಿಹರೆಯದವರು ಅಗ್ಗದ ದಾರಿಯನ್ನೂ, ದುಡಿಯುವ ವಯಸ್ಸಿನವರು ಬೇಗ ತಲುಪುವ ದಾರಿಯನ್ನೂ, ಹಿರಿಯರು ಸುಖವಾದ ದಾರಿಯನ್ನೂ ಹುಡುಕುತ್ತಾರೆ. ಪಾರ್ಕಿಂಗ್ ಸಿಗದಿದ್ದರೆ ನಿಜವಾಗಿಯೂ ಸುತ್ತುತ್ತಾರೆ. ಕಾಗದದ ಮೇಲೆ ಇದು ಬಹು ದೊಡ್ಡ ಹೆಜ್ಜೆ, ಬೀದಿಯಲ್ಲಿಯೂ ಬಹುಮಟ್ಟಿಗೆ ಹೌದು. ಆದರೆ ಈ ಜಾಣ ಸವಾರರು ನಡುರಸ್ತೆಯಲ್ಲಿ ಥಟ್ಟನೆ ಹಿಂದಕ್ಕೆ ತಿರುಗುವ, ಮೂರು ಲೇನುಗಳನ್ನು ಅಡ್ಡ ಹಾಯುವ ಹೊಸ ಚಟಗಳನ್ನೂ ಕಲಿತು ಬಂದರು. ಹಳೆಯ ದುರಭ್ಯಾಸಕ್ಕೆ ಒಂದು ಗುಣವಿತ್ತು: ಅದು ಸದಾ ಒಂದೇ ರೀತಿ ಇರುತ್ತಿತ್ತು, ಆದ್ದರಿಂದ ರಸ್ತೆಯನ್ನು ಹೇಗೆ ತಿದ್ದಬೇಕೆಂದು ಕೆಲವೇ ದಿನಗಳಲ್ಲಿ ಕಲಿಯಬಹುದಿತ್ತು. ಹೊಸ ಆಟದಲ್ಲಿ ಒಂದು ಕೂಡುರಸ್ತೆ ವಾಹನಗಳಿಂದ ಕಟ್ಟಿಕೊಂಡಾಗ ಅದು ನನ್ನ ವಿನ್ಯಾಸದ ದೋಷವೋ ಸವಾರನೊಬ್ಬನ ಹುಚ್ಚಾಟವೋ ಎಂದು ಹೇಳುವುದು ಕಷ್ಟ.

ಇದೇ ತೊಡಕು ಆರ್ಥಿಕತೆಯಲ್ಲಿ ಇನ್ನೂ ದಟ್ಟವಾಗಿತ್ತು. ಮೊದಲ ಆಟದ ಲೆಕ್ಕ ಸರಳವಾದದ್ದು: ತೆರಿಗೆ ಬರುತ್ತದೆ, ನಿರ್ವಹಣೆಗೆ ಹೋಗುತ್ತದೆ, ಉಳಿದದ್ದರಲ್ಲಿ ಕಟ್ಟುತ್ತೀರಿ. ಸರಳವೆಂದರೆ ನಿರಪಾಯವೆಂದಲ್ಲ. ಒಂದು ದೊಡ್ಡ ಬಡಾವಣೆಯನ್ನು ಒಂದೇ ಬಾರಿಗೆ ತೆರೆದರೆ ಒಂದೇ ಪ್ರಾಯದವರೆಲ್ಲ ಒಟ್ಟಿಗೆ ಬಂದು ನೆಲೆಸಿ, ವರ್ಷಗಳ ನಂತರ ಒಟ್ಟಿಗೇ ಸಾಯುತ್ತಿದ್ದರು. ಶವವಾಹನಗಳು ರಸ್ತೆ ತುಂಬಿ, ಸ್ಮಶಾನ ಸಾಲದೆ, ಮನೆಗಳು ಖಾಲಿಯಾಗಿ, ವರಮಾನ ಕುಸಿಯುತ್ತಿತ್ತು. ಆಟಗಾರರು ‘ಸಾವಿನ ಅಲೆ’ ಎಂದು ಕರೆದ ಈ ವಿದ್ಯಮಾನ ಆಟದ ಕೊರತೆಯೇ ಸರಿ, ಆದರೂ ಅದರಿಂದ ನಾನು ಬಡಾವಣೆಗಳನ್ನು ಹಂತಹಂತವಾಗಿ ತೆರೆಯುವುದನ್ನು ಕಲಿತೆ. ಎರಡನೆಯ ಆಟದಲ್ಲಿ ಕಚ್ಚಾವಸ್ತುವಿನಿಂದ ಅಂಗಡಿಯ ಸರಕಿನವರೆಗೆ ಉತ್ಪಾದನೆಯ ಸರಪಳಿಗಳಿವೆ, ಕುಟುಂಬಗಳಿಗೆ ಆದಾಯ, ಬಾಡಿಗೆಗಳಿವೆ, ಹೆಚ್ಚಾದ ವಿದ್ಯುತ್ತನ್ನು ನಕ್ಷೆಯ ಹೊರಗೆ ಮಾರಬಹುದು. ಇಷ್ಟೆಲ್ಲ ಇದ್ದೂ, ಬಿಡುಗಡೆಯಾದಾಗ ಇದ್ದ ರೂಪದಲ್ಲಿ, ನಗರ ನಷ್ಟಕ್ಕೆ ಬಿದ್ದರೆ ಸರ್ಕಾರದ ಸಹಾಯಧನ ಆ ಹಳ್ಳವನ್ನು ಸದ್ದಿಲ್ಲದೆ ತುಂಬುತ್ತಿತ್ತು. ನಾನು ಹೇಗೆ ಕಟ್ಟಿದರೂ ಊರು ನಡೆದುಕೊಂಡು ಹೋಗುತ್ತಿತ್ತು. ಇನ್ನೊಂದು ಕಡೆ, ಮನೆಗಳ ಮೇಲೆ ‘ಬಾಡಿಗೆ ಹೆಚ್ಚು’ ಎಂಬ ಚಿಹ್ನೆ ಸಾಲುಸಾಲಾಗಿ ಎದ್ದರೆ ಅದಕ್ಕೆ ನಾನು ಮಾಡಿದ ಯಾವ ಕೆಲಸ ಕಾರಣವೆಂದು ಪತ್ತೆ ಹಚ್ಚುವ ದಾರಿ ಸಿಗುತ್ತಿರಲಿಲ್ಲ. ಗೆಲುವು ನನ್ನದಲ್ಲ, ಸೋಲೂ ನನ್ನದಲ್ಲ ಎನಿಸಿದ ಮೇಲೆ ಮೇಯರ್ ಪದವಿಯಲ್ಲಿ ಏನು ಸ್ವಾರಸ್ಯ ಉಳಿಯುತ್ತದೆ? ನಾನು ಒಂದೆರಡು ತಿಂಗಳಲ್ಲಿ ಹಳೆಯ ಆಟಕ್ಕೆ ಮರಳಿದೆ.

ಕಂಪ್ಯೂಟರಿನ ಮೇಲೆ ಬೀಳುವ ಹೊರೆಯ ವಿಷಯ ಎಲ್ಲರೂ ಹೇಳಿ ಮುಗಿಸಿದ್ದಾರೆ. ನಿರೀಕ್ಷಿಸಿದ ಮಟ್ಟವನ್ನು ತಲುಪಲಾಗಿಲ್ಲವೆಂದು ಸಂಸ್ಥೆಯೇ ಬಿಡುಗಡೆಗೆ ಮುನ್ನ ಒಪ್ಪಿಕೊಂಡಿತ್ತು. ಆಕಾಶದಿಂದ ನೋಡುವ ಆಟದಲ್ಲಿ ನಾಗರಿಕರ ಬಾಯೊಳಗಿನ ಹಲ್ಲುಗಳನ್ನೂ ಬಿಡಿಬಿಡಿಯಾಗಿ ರೂಪಿಸಿ ಸೇರಿಸಿದ್ದರೆಂಬುದು ಆ ದಿನಗಳ ನಗೆಚಾಟಿಕೆಯಾಗಿತ್ತು. ನಂತರದ ಪರಿಷ್ಕರಣೆಗಳಲ್ಲಿ ಸಾಕಷ್ಟು ಸುಧಾರಣೆಯಾಗಿದೆ, ಆದರೂ ಮೊದಲ ಆಟ ತನ್ನ ಕಾಲದ ಸಾಮಾನ್ಯ ಕಂಪ್ಯೂಟರುಗಳಲ್ಲಿ ಓಡಿದಷ್ಟು ಹಗುರವಾಗಿ ಇದು ಓಡದು.

ನನಗೆ ಹೆಚ್ಚು ಕಾಡಿದ್ದು ಮಾಡ್‌ಗಳ, ಅಂದರೆ ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಜೋಡಣೆಗಳ, ಸಂಗತಿ. ಮೊದಲ ಆಟ ಎಂಟು ವರ್ಷ ಬಾಳಿದ್ದು ಕೊಲೋಸಲ್ ಆರ್ಡರ್‌ನ ಹತ್ತಾರು ವಿಸ್ತರಣೆಗಳಿಂದ ಮಾತ್ರವಲ್ಲ, ಆಟಗಳನ್ನು ಮಾರುವ ಸ್ಟೀಮ್ ತಾಣದ ವರ್ಕ್‌ಶಾಪಿನಲ್ಲಿ ಆಟಗಾರರು ಉಚಿತವಾಗಿ ಹಂಚಿಕೊಂಡ ಕಟ್ಟಡ, ಮರ, ವಾಹನ, ಉಪಕರಣಗಳಿಂದ. ಲೇನುಗಳನ್ನು ಬೆಸೆಯಲು, ಸಿಗ್ನಲ್ಲಿನ ಸಮಯವನ್ನು ಹೊಂದಿಸಲು ‘ಟ್ರಾಫಿಕ್ ಮ್ಯಾನೇಜರ್: ಪ್ರೆಸಿಡೆಂಟ್ ಎಡಿಷನ್’ ಇತ್ತು, ಇಟ್ಟ ಕಟ್ಟಡವನ್ನು ಕೂದಲೆಳೆಯಷ್ಟು ಸರಿಸಲು ‘ಮೂವ್ ಇಟ್’ ಇತ್ತು. ಹೊಸ ಆಟ ವರ್ಕ್‌ಶಾಪನ್ನು ಬಿಟ್ಟು ಪ್ಯಾರಡಾಕ್ಸ್‌ನ ಸ್ವಂತ ವೇದಿಕೆಗೆ ಹೋಯಿತು. ಅಲ್ಲಿ ಅಧಿಕೃತ ಬೆಂಬಲ ಪ್ರಾಯೋಗಿಕ ರೂಪದಲ್ಲಿ ಬಂದದ್ದು 2024ರ ಮಾರ್ಚ್‌ನಲ್ಲಿ. ಅದೇ ತಿಂಗಳು ‘ಬೀಚ್ ಪ್ರಾಪರ್ಟೀಸ್’ ಎಂಬ ಕಡಲತೀರದ ಮನೆಗಳ ಪ್ಯಾಕನ್ನು ಹಣಕ್ಕೆ ಮಾರಲು ಹೊರಟು, ಆಟಗಾರರ ಸಿಟ್ಟಿಗೆ ಗುರಿಯಾಗಿ, ಕೆಲವೇ ವಾರಗಳಲ್ಲಿ ಕ್ಷಮೆ ಕೇಳಿ ಹಣ ಹಿಂತಿರುಗಿಸುವುದಾಗಿ ಪ್ರಕಟಿಸಬೇಕಾಯಿತು. ಮೂಲ ಮನೆ ಸೋರುತ್ತಿರುವಾಗ ಜಗಲಿಗೆ ಬಣ್ಣ ಬಳಿಯುವವರ ಮೇಲೆ ಸಿಟ್ಟು ಬರುವುದು ಸಹಜ. ಸೈಕಲ್ಲಿನ ಕಥೆಯೂ ಹೀಗೆಯೇ: ಮೊದಲ ಆಟಕ್ಕೆ 2015ರ ‘ಆಫ್ಟರ್ ಡಾರ್ಕ್’ ವಿಸ್ತರಣೆಯಲ್ಲೇ ಬಂದಿದ್ದ ಸೈಕಲ್, ಎರಡನೆಯದರ ಬೀದಿಗೆ ಇಳಿಯಲು ಎರಡು ವರ್ಷ ಹಿಡಿಯಿತು. 2025ರ ನವೆಂಬರಿನಲ್ಲಿ ಕೊಲೋಸಲ್ ಆರ್ಡರ್ ಮತ್ತು ಪ್ಯಾರಡಾಕ್ಸ್ ಬೇರ್ಪಡುವ ಸುದ್ದಿ ಬಂತು; ಆಟದ ಮುಂದಿನ ಹೊಣೆ ಅದೇ ತಂಪೆರೆಯ ಐಸ್‌ಫ್ಲೇಕ್ ಸ್ಟುಡಿಯೋಸ್ ಪಾಲಿಗೆ ಹೋಗಿದೆ.

ಇಷ್ಟಾದರೂ ನಾನು ಎರಡನೆಯ ಆಟಕ್ಕೆ ಮತ್ತೆ ಬಂದದ್ದು 2024ರ ಜೂನಿನ ‘ಎಕಾನಮಿ 2.0’ ಪರಿಷ್ಕರಣೆಯ ನಂತರ. ಸಹಾಯಧನವನ್ನು ತೆಗೆದುಹಾಕಿದ್ದರು, ಬಾಡಿಗೆಯ ಲೆಕ್ಕವನ್ನು ಹೊಸದಾಗಿ ಬರೆದಿದ್ದರು, ಕೊಂಡ ನೆಲದ ಚೌಕಗಳಿಗೂ ನಿರ್ವಹಣಾ ವೆಚ್ಚ ವಿಧಿಸಿದ್ದರು. ನಕ್ಷೆಯಲ್ಲಿ 441 ಚೌಕಗಳಿವೆಯೆಂದು ಮನಸ್ಸು ಬಂದಂತೆ ಕೊಳ್ಳುವ ಹಾಗಿರಲಿಲ್ಲ. ಇದನ್ನು ಸರಿಯಾಗಿ ಓದಿಕೊಳ್ಳದೆ ನಾನು ಹಳೆಯ ಧಾಟಿಯಲ್ಲೇ ಹೊಸ ಊರೊಂದನ್ನು ಆರಂಭಿಸಿ, ಆರು ಸಾವಿರ ಜನರಿಗೆ ಒಂದು ದೊಡ್ಡ ಆಸ್ಪತ್ರೆ, ಒಂದು ಕಾಲೇಜು, ಹೊಳೆಯಾಚೆಯ ಖಾಲಿ ಬಯಲಿಗೆ ಆರು ಲೇನಿನ ಸೇತುವೆ ಕಟ್ಟಿಸಿದೆ. ಬೊಕ್ಕಸ ತಿಂಗಳಿಗೆ ತಿಂಗಳು ಇಳಿಯತೊಡಗಿತು. ಗಾಬರಿಯಿಂದ ತೆರಿಗೆ ಏರಿಸಿದೆ, ಜನ ಊರು ಬಿಡಲಾರಂಭಿಸಿದರು. ಆಯವ್ಯಯದ ಪಟ್ಟಿಯನ್ನು ತೆರೆದು ಸಾಲುಸಾಲಾಗಿ ಓದಿದಾಗ ಸೇವೆಗಳ ವೆಚ್ಚದ ಎದುರು ನಿಂತಿದ್ದ ಅಂಕಿ ನೇರವಾಗಿ ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು. ಎಷ್ಟೋ ದಿನಗಳ ಮೇಲೆ ನನಗೆ ಆ ಕಂದು ನೀರಿನ ನದಿಯ ನೆನಪಾಯಿತು. ಬೆಳಗಿನ ಜಾವ ಎರಡು ಗಂಟೆಯವರೆಗೆ ಕುಳಿತು ಕಾಲೇಜನ್ನು ಮುಚ್ಚಿದೆ, ಸೇತುವೆಯನ್ನು ಕೆಡವಿದೆ, ಅದೇ ಜಾಗದಲ್ಲಿ ಎರಡು ಲೇನಿನದೊಂದನ್ನು ಎಳೆದೆ.